ಐಮಂಗಲದ ಅಡ್ಡಗಾಳಿ

ಬೆಂಗಳೂರಿನಿಂದ ಹೊರಟು ಹಿರಿಯೂರನ್ನು ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48 ವಾಯವ್ಯದ ಕಡೆಗೆ ಮುಖ ಮಾಡಿ, ಚಿತ್ರದುರ್ಗದವರೆಗೆ ಸುಮಾರು 40 ಕಿಲೋಮೀಟರ್ ಬಯಲಿನಲ್ಲಿ ಸಾಗುತ್ತದೆ. ಚಳಿಗಾಲದಲ್ಲಿ ಇಷ್ಟು ಬೇಸರದ ದಾರಿ ಇನ್ನೊಂದಿಲ್ಲ. ಆದರೆ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ, ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಹಗುರಾದ ಮುಂಗಾರಿನ ಗಾಳಿ ಈ ಬಯಲಿಗೆ ಇಳಿದಾಗ, ಬೈಕ್ ಸವಾರನ ಪಾಲಿಗೆ ಅದೇ ದಾರಿ ಬೇರೆಯದೇ ಆಗಿಬಿಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಗಾಳಿ ಪಶ್ಚಿಮ, ನೈಋತ್ಯಗಳಿಂದ ಬರುತ್ತದೆ, ದಾರಿ ವಾಯವ್ಯಕ್ಕೆ ಹೋಗುತ್ತದೆ; ಹಾಗಾಗಿ ಚಿತ್ರದುರ್ಗಕ್ಕೆ ಹೋಗುವವನಿಗೆ ಅದು ಎಡ ಭುಜಕ್ಕೆ ಹೊಡೆದರೆ, ಹಿಂತಿರುಗುವವನಿಗೆ ಬಲ ಭುಜಕ್ಕೆ ಹೊಡೆಯುತ್ತದೆ. ಈ ಎರಡರ ನಡುವೆ ಎಷ್ಟೊಂದು ಅಂತರವಿದೆ ಎಂಬುದು ನನಗೆ ಅರ್ಥವಾಗಲು ಮೂರು ಆಷಾಢಗಳು ಬೇಕಾದವು.

ಮೊದಲನೆಯ ಆಷಾಢದಲ್ಲಿ ನಡೆದದ್ದು ಇಷ್ಟು. ಮಧ್ಯಾಹ್ನ ಎರಡರ ಹೊತ್ತಿಗೆ ಟಾರ್ಪಾಲು ಬಿಗಿದ ಹತ್ತು ಚಕ್ರದ ಲಾರಿಯೊಂದನ್ನು ಬಲದಿಂದ ಹಿಂದೆ ಹಾಕುತ್ತಿದ್ದೆ. ಅದುವರೆಗೆ ಎಡದಿಂದ ಬೀಸುತ್ತಿದ್ದ ಗಾಳಿಗೆ ಒಡ್ಡಿಕೊಂಡು, ನನಗೇ ಗೊತ್ತಿಲ್ಲದೆ ಬೈಕನ್ನು ಒಂದಿಷ್ಟು ಎಡಕ್ಕೆ ವಾಲಿಸಿಕೊಂಡೇ ಬಂದಿದ್ದೆ. ಲಾರಿಯ ಹಿಂಬದಿ ನನ್ನ ಪಕ್ಕಕ್ಕೆ ಬಂದ ಕೂಡಲೇ ಗಾಳಿ ನಿಂತಿತು. ತಳ್ಳುವವನು ಕೈ ತೆಗೆದ ಬಾಗಿಲಿನ ಹಾಗೆ ಬೈಕು ಲಾರಿಯ ಚಕ್ರಗಳ ಕಡೆಗೆ ಜಾರಿತು. ಗಾಬರಿಯಿಂದ ಅದನ್ನು ನೆಟ್ಟಗೆ ಮಾಡಿಕೊಂಡು, ಲಾರಿಯ ಮರೆಯಲ್ಲಿ ಆರೇಳು ಸೆಕೆಂಡು ಹಾಯಾಗಿ ಸಾಗಿ, ಅದರ ಮೂತಿಯನ್ನು ದಾಟಿದೆನೋ ಇಲ್ಲವೋ, ತಡೆಹಿಡಿದಿದ್ದ ಗಾಳಿಯೆಲ್ಲ ಒಂದೇ ಏಟಿಗೆ ಎಡದಿಂದ ಬಡಿಯಿತು. ಲಾರಿ ತನ್ನ ಮುಂದೆ ಸೀಳಿಕೊಂಡು ಬರುತ್ತಿದ್ದ ಗಾಳಿಯೂ ಅದಕ್ಕೆ ಸೇರಿಕೊಂಡಿತ್ತು. ನಾನಿದ್ದದ್ದು ಬಲಬದಿಯ ಲೇನಿನ ನಡುವೆ; ಮರುಕ್ಷಣ ವಿಭಜಕದಂಚಿನ ಬಿಳಿ ಗೆರೆಯ ಮೇಲಿದ್ದೆ. ಅಲ್ಲಿನ ಕಣಗಿಲೆ ಗಿಡಗಳ ಎಲೆಗಳ ತಿಳಿಬಣ್ಣದ ಅಡಿಭಾಗ ಮೇಲಾಗಿ ಮಡಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಐಮಂಗಲದ ಬಳಿ ರಸ್ತೆ ಬದಿಯ ಚಹಾದಂಗಡಿಯ ಮುಂದೆ ನಿಲ್ಲಿಸಿದಾಗ ಕೈಗಳು ಇನ್ನೂ ನಡುಗುತ್ತಿದ್ದವು. ನಾನು ಕೆಳಗಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಬೆಂಚಿನ ಮೇಲೆ ಕೂತಿದ್ದ ಲಾರಿ ಚಾಲಕರೊಬ್ಬರು ಕೂಗಿದರು: "ಸಾರ್, ಬೈಕ್ ತಿರುಗಿಸಿ ನಿಲ್ಸಿ. ಗಾಳಿ ಎತ್ತಿ ಹಾಕ್ತದೆ." ತಿರುಗಿ ನೋಡಿದರೆ, ಎಡಬದಿಯ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿದ್ದ ಬೈಕು ಪ್ರತಿ ಬೀಸಿಗೂ ನೆಟ್ಟಗಾಗಲು ಹವಣಿಸುತ್ತಿತ್ತು. ಸ್ಟ್ಯಾಂಡು ಎಡಕ್ಕಿದೆ, ಗಾಳಿಯೂ ಎಡದಿಂದಲೇ. ಇನ್ನೊಂದು ಬಸ್ಸು ಭರ್ರೆಂದು ಹೋಗಿದ್ದರೆ ಅದು ಬಲಕ್ಕೆ ಉರುಳುತ್ತಿತ್ತೇನೋ. ಓಡಿಹೋಗಿ ಅದರ ಮುಖವನ್ನು ಬೆಂಗಳೂರಿನ ಕಡೆಗೆ ತಿರುಗಿಸಿ, ಮೊದಲ ಗೇರಿಗೆ ಹಾಕಿ ನಿಲ್ಲಿಸಿದೆ. ಈಗ ಅದೇ ಗಾಳಿ ಅದನ್ನು ಸ್ಟ್ಯಾಂಡಿನ ಮೇಲೆ ಇನ್ನಷ್ಟು ಭದ್ರವಾಗಿ ಕೂರಿಸುತ್ತಿತ್ತು. ಚಹಾ ಕುಡಿಯುತ್ತ ಆ ಚಾಲಕರು ಇನ್ನೊಂದು ಮಾತು ಹೇಳಿದರು. ಲೋಡ್ ಗಾಡಿಗೆ ಈ ದಾರಿಯಲ್ಲಿ ಭಯವಿಲ್ಲ, ಖಾಲಿ ಗಾಡಿಗೇ ಭಯ. ಖಾಲಿ ಕಂಟೇನರ್ ಆದರಂತೂ ತಾವು 50ರ ಮೇಲೆ ಓಡಿಸುವುದೇ ಇಲ್ಲ ಎಂದರು. "ನಿಮ್ದು ಲೋಡೋ ಖಾಲಿಯೋ ನೀವೇ ನೋಡ್ಕಳ್ಳಿ" ಎಂದು ನಕ್ಕರು.

ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನನ್ನದು 411 ಸಿಸಿಯ ಹಿಮಾಲಯನ್, ಬೈಕಿನ ತೂಕವೇ 199 ಕೆ.ಜಿ. ನನ್ನನ್ನೂ ಸಾಮಾನನ್ನೂ ಸೇರಿಸಿದರೆ ಸುಮಾರು 300 ಕೆ.ಜಿ. ಆಗುತ್ತದೆ. ಇದು ಲೋಡೇ ಇರಬೇಕಲ್ಲವೇ ಎಂದು ಮನೆಗೆ ಬಂದು ಲೆಕ್ಕ ಹಾಕಲು ಕೂತೆ. 80 ಕಿ.ಮೀ. ವೇಗದಲ್ಲಿ ಸಾಗುವ ಬೈಕಿಗೆ ನೇರ ಪಕ್ಕದಿಂದ 40 ಕಿ.ಮೀ. ವೇಗದ ಗಾಳಿ ಬೀಸಿದರೆ, ನನ್ನ ಅಂದಾಜಿನಂತೆ ಪಕ್ಕಕ್ಕೆ ತಳ್ಳುವ ಬಲ 16–17 ಕೆ.ಜಿ. ತೂಕದಷ್ಟು. ಈ ಬಲವನ್ನು ಸರಿದೂಗಿಸಲು 300 ಕೆ.ಜಿ.ಯ ಬೈಕು ಗಾಳಿಯ ಕಡೆಗೆ ವಾಲಬೇಕಾದದ್ದು ಬರೀ 3 ಡಿಗ್ರಿ. ಬೀಸು 60ಕ್ಕೆ ಏರಿದರೂ 5 ಡಿಗ್ರಿಯ ಆಸುಪಾಸು. ಊರೊಳಗಿನ ತಿರುವಿನಲ್ಲಿ ನಾವು ಯೋಚನೆಯನ್ನೇ ಮಾಡದೆ ಇದಕ್ಕಿಂತ ಎರಡು ಮೂರು ಪಟ್ಟು ವಾಲುತ್ತೇವೆ. ಹಾಗಾದರೆ ಹೆದರಿಕೆ ಯಾವುದಕ್ಕೆ? ಒಂದೇ ಸಮನೆ ಬೀಸುವ ಗಾಳಿ, ಸಾಕಷ್ಟು ಜೋರಾಗಿದ್ದರೂ, ಸಾಮಾನ್ಯವಾಗಿ ಬೈಕನ್ನು ಬೀಳಿಸುವುದಿಲ್ಲ. ಸವಾರ ವಾಲಿಕೊಂಡೇ ನೆಟ್ಟಗೆ ಸಾಗುತ್ತಾನೆ, ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆ, ಅಷ್ಟೇ. ಕಷ್ಟವೆಲ್ಲ 3 ಡಿಗ್ರಿ ಇದ್ದಕ್ಕಿದ್ದಂತೆ ಸೊನ್ನೆಯಾದಾಗ, ಸೊನ್ನೆ ಇದ್ದಕ್ಕಿದ್ದಂತೆ 5 ಆದಾಗ. 3 ಡಿಗ್ರಿ ತಪ್ಪು ಬದಿಗೆ ವಾಲಿದ ಬೈಕು, ಯಾರೂ ತಿದ್ದದಿದ್ದರೆ, ಎರಡು ಸೆಕೆಂಡಿನಲ್ಲಿ ಸುಮಾರು 1 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ನನ್ನನ್ನು ಬಿಳಿ ಗೆರೆಯ ಮೇಲೆ ನಿಲ್ಲಿಸಿದ್ದು ಈ ಲೆಕ್ಕವೇ.

ವೇಗದ ವಿಷಯದಲ್ಲಿ ಸವಾರರ ನಡುವೆ ಎರಡು ಪಂಗಡಗಳಿವೆ. ಗಾಳಿ ಬಂದರೆ ನಿಧಾನ ಮಾಡು ಎನ್ನುವವರು ಒಂದು ಕಡೆ, ವೇಗ ಹೆಚ್ಚಿದಷ್ಟೂ ಬೈಕು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಸಮಪಾಲು ಇಲ್ಲ. ತಿರುಗುವ ಚಕ್ರ ತನ್ನ ನಿಲುವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಮುಂದಿನ ಚಕ್ರ ನೆಲವನ್ನು ಮುಟ್ಟುವ ಜಾಗವು ಹ್ಯಾಂಡಲಿನ ಅಕ್ಷದ ಗೆರೆಗಿಂತ ತುಸು ಹಿಂದಿರುವುದರಿಂದ ಅದು ತಾನಾಗಿಯೇ ನೇರವಾಗಲು ನೋಡುತ್ತದೆ. ಈ ಎರಡು ಗುಣಗಳೂ ವೇಗದೊಂದಿಗೆ ಹೆಚ್ಚುತ್ತವೆ, ಹಾಗಾಗಿಯೇ 20ರ ವೇಗದಲ್ಲಿ ಬೈಕು ತೊನೆಯುವಷ್ಟು 60ರಲ್ಲಿ ತೊನೆಯುವುದಿಲ್ಲ. ಆದರೆ ಗಾಳಿಯೂ ಸುಮ್ಮನಿರುವುದಿಲ್ಲ. ನಾವು ಮುಂದಕ್ಕೆ ಓಡುವಾಗ ಎದುರಾಗುವ ಗಾಳಿ ಮತ್ತು ಪಕ್ಕದ ಗಾಳಿ ಎರಡೂ ಕೂಡಿ ಓರೆಯಾಗಿ ಬರುವ ಒಂದೇ ಗಾಳಿಯಾಗುತ್ತವೆ, ಪಕ್ಕಕ್ಕೆ ತಳ್ಳುವ ಬಲ ಆ ಕೂಡಿದ ವೇಗವನ್ನು ಹಿಡಿದು ಏರುತ್ತದೆ. ಅದೇ 40ರ ಅಡ್ಡಗಾಳಿ ನಿಂತ ಬೈಕನ್ನು ತಳ್ಳುವುದಕ್ಕಿಂತ 80ರಲ್ಲಿ ಓಡುವ ಬೈಕನ್ನು ಹೆಚ್ಚುಕಡಿಮೆ ಎರಡು ಪಟ್ಟು ತಳ್ಳುತ್ತದೆ. 100ರಿಂದ 60ಕ್ಕೆ ಇಳಿದರೆ ಆ ತಳ್ಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಜೊತೆಗೆ ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರ 28 ಮೀಟರಿನಿಂದ 17ಕ್ಕೆ ಇಳಿಯುತ್ತದೆ, ಅಂದರೆ ತಪ್ಪನ್ನು ತಿದ್ದಿಕೊಳ್ಳಲು ದಾರಿ ಉಳಿದಿರುತ್ತದೆ. ನಾನು ಈಗ ಆ ಬಯಲಿನಲ್ಲಿ 60–65ರ ನಡುವೆ ಇರುತ್ತೇನೆ. 40ಕ್ಕೆ ಇಳಿಯುವುದಿಲ್ಲ, ಹಿಂದಿನಿಂದ ಬರುವ ಬಸ್ಸಿನ ಭಯ ಗಾಳಿಯದಕ್ಕಿಂತ ದೊಡ್ಡದು.

ಇನ್ನು ಕೈಯ ಮಾತು. ಎಡದಿಂದ ಬೀಸು ಬಂದಾಗ ಬೈಕನ್ನು ಎಡಕ್ಕೆ ವಾಲಿಸಬೇಕು, ಅದಕ್ಕೆ ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಒಂದು ಕ್ಷಣ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಎಡಕ್ಕೆ ಹೋಗಲು ಬಲಕ್ಕೆ ತಿರುಗಿಸುವುದೆಂದರೆ ಕೇಳಿದವರು ನಗುತ್ತಾರೆ. ವಿಮಾನ ಕಟ್ಟುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ಸಹೋದರರಲ್ಲಿ ಒಬ್ಬನಾದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಸೈಕಲ್ ಸವಾರರನ್ನು ಕೇಳಿದರೆ, ಮೊದಲು ತುಸು ಬಲಕ್ಕೆ ತಿರುಗಿಸುತ್ತೇವೆ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲವಂತೆ. ಎಲ್ಲರೂ ಮಾಡುತ್ತಾರೆ, ಯಾರಿಗೂ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ. ಬೀಸು ಬಂದ ಕೂಡಲೇ ನಾನು ಮಾಡುತ್ತಿದ್ದದ್ದು ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮೊಣಕೈಗಳನ್ನು ಕಬ್ಬಿಣದಂತೆ ಮಾಡಿಕೊಂಡು, ಮೈಯನ್ನು ಗಾಳಿಯ ಕಡೆಗೆ ಎಳೆದುಕೊಳ್ಳುವುದು. ಅದರಿಂದ ಆಗುತ್ತಿದ್ದದ್ದೇ ಬೇರೆ. ಗಾಳಿ ನನ್ನ ಎದೆಯನ್ನೂ ಭುಜವನ್ನೂ ಬಲಕ್ಕೆ ತಳ್ಳಿದಾಗ, ಬಿಗಿದ ತೋಳುಗಳ ಮೂಲಕ ಆ ತಳ್ಳು ನೇರವಾಗಿ ಹ್ಯಾಂಡಲಿಗೆ ಹೋಗಿ, ಎಡ ಹಿಡಿಯನ್ನು ಎಳೆದು ಬಲ ಹಿಡಿಯನ್ನು ಒತ್ತುತ್ತಿತ್ತು. ಬೈಕನ್ನು ಬಲಕ್ಕೆ ವಾಲಿಸುತ್ತಿದ್ದವನು ನಾನೇ. ಗಾಳಿ ಒಂದು ಪಾಲು ತಳ್ಳಿದರೆ ನಾನು ಇನ್ನೊಂದು ಪಾಲು ಸೇರಿಸುತ್ತಿದ್ದೆ, ಬೈಯುತ್ತಿದ್ದದ್ದು ಮಾತ್ರ ಗಾಳಿಯನ್ನು.

ಇದನ್ನು ಬಿಡಿಸಿಕೊಳ್ಳಲು ಮಾಡಿದ ಉಪಾಯ ಬಹಳ ಸರಳವಾದದ್ದು, ಆದರೆ ಮೈಗೂಡಲು ಒಂದಿಡೀ ಮಳೆಗಾಲ ಹಿಡಿಯಿತು. ಟ್ಯಾಂಕನ್ನು ಮೊಣಕಾಲುಗಳಿಂದ ಒತ್ತಿ ಹಿಡಿಯುವುದು, ಸೊಂಟದ ಮೇಲಿನ ಭಾರವನ್ನು ಬೆನ್ನು ಹೊರುವಂತೆ ತುಸು ಮುಂದಕ್ಕೆ ಬಾಗುವುದು, ಕೈಗಳನ್ನು ಸಡಿಲ ಬಿಡುವುದು. ಎಷ್ಟು ಸಡಿಲವೆಂದರೆ, ಮೊಣಕೈಯನ್ನು ಕೋಳಿಯ ರೆಕ್ಕೆಯ ಹಾಗೆ ಆಡಿಸಲು ಬರಬೇಕು. ಬರದಿದ್ದರೆ ಬಿಗಿದಿದ್ದೇವೆಂದು ಅರ್ಥ. ಹೀಗೆ ಬಿಟ್ಟಾಗ ಬೈಕು ತನ್ನಷ್ಟಕ್ಕೆ ತಾನು ಎಷ್ಟೋ ತಿದ್ದಿಕೊಳ್ಳುತ್ತದೆ. ಹ್ಯಾಂಡಲು ಅಂಗೈಯೊಳಗೆ ಸಣ್ಣಗೆ ಅಲ್ಲಾಡುತ್ತದೆ, ಅಲ್ಲಾಡಲಿ. ದೊಡ್ಡ ಬೀಸಿಗೆ ಮಾತ್ರ ಗಾಳಿ ಬರುವ ಬದಿಯ ಹಿಡಿಯನ್ನು ಅಂಗೈಯಿಂದ ಒಮ್ಮೆ ಒತ್ತಿ ಬಿಟ್ಟರೆ ಸಾಕು. ಗಾಳಿ ಬರುವ ಕಡೆಯ ಮೊಣಕಾಲನ್ನು ಹೊರಚಾಚಿದರೆ ಅದು ಹಾಯಿಯಂತೆ ಕೆಲಸ ಮಾಡುತ್ತದೆ ಎಂದು ಹಳೆಯ ಸವಾರರು ಹೇಳುವುದುಂಟು. ನಾನೂ ಮಾಡಿ ನೋಡಿದ್ದೇನೆ. ಸ್ವಲ್ಪ ಸಹಾಯವಾಗುತ್ತದೆ ಅನಿಸುತ್ತದೆ, ಆದರೆ ಟ್ಯಾಂಕಿನ ಮೇಲಿನ ಹಿಡಿತ ತಪ್ಪುವುದರಿಂದ ನನಗೆ ಒಗ್ಗಲಿಲ್ಲ.

ಲೋಡೋ ಖಾಲಿಯೋ ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ. ಅದರ ಉತ್ತರ ನನಗೆ ಸಿಕ್ಕಿದ್ದು ಚಿಕ್ಕಂದಿನಲ್ಲಿ ನೋಡಿದ ಕಣದಲ್ಲಿ. ರಾಗಿಯನ್ನು ತೂರುವಾಗ ಮೊರದಿಂದ ಕಾಳೂ ಹೊಟ್ಟೂ ಒಟ್ಟಿಗೆ ಬೀಳುತ್ತವೆ, ಅಡ್ಡ ಬೀಸುವ ಗಾಳಿ ಒಂದೇ. ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ಹತ್ತು ಅಡಿ ಆಚೆಗೆ ಹಾರುತ್ತದೆ. ಗಾಳಿಗೆ ಒಡ್ಡಿದ ಮೈ ಎಷ್ಟು, ಅದರ ಹಿಂದಿರುವ ತೂಕ ಎಷ್ಟು, ಎಲ್ಲ ಇರುವುದು ಈ ಲೆಕ್ಕದಲ್ಲಿ. ಹೊಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಟೂರಿಂಗ್ ಬೈಕಿಗೆ ಮನೆಯ ಗೋಡೆಯಷ್ಟು ಮೈಯಿದ್ದರೂ ಅದರ ಹಿಂದೆ 350 ಕೆ.ಜಿ.ಗೂ ಮೀರಿದ ತೂಕವಿದೆ. ನೂರು ಸಿಸಿಯ ಬೈಕು ಮೈಯಲ್ಲಿ ಅದಕ್ಕಿಂತ ಚಿಕ್ಕದು, ಆದರೆ ತೂಕದಲ್ಲಿ ಅದರ ಮೂರನೇ ಒಂದು ಪಾಲು ಮಾತ್ರ. ಅದು ಹೊಟ್ಟಿಗೆ ಹತ್ತಿರ. ನಾನು ಮಾಡಿದ್ದ ತಪ್ಪೆಂದರೆ, ಕಾಳಾಗಿದ್ದ ಬೈಕಿಗೆ ಹೊಟ್ಟನ್ನು ಕಟ್ಟಿದ್ದು. ಹಿಂಬದಿಯ ಟಾಪ್ ಬಾಕ್ಸಿನಲ್ಲಿ ಇದ್ದದ್ದು ಒಂದು ಮಲಗುವ ಚೀಲ, ಎರಡು ಸ್ವೆಟರು, ಮಳೆಯಂಗಿ. ತೂಕವಿಲ್ಲ, ಆದರೆ ಗಾಳಿಗೆ ಎತ್ತರದಲ್ಲಿ ಒಂದು ಹಲಗೆಯನ್ನು ಒಡ್ಡಿದ ಹಾಗೆ. ಗಾಳಿಯ ತಳ್ಳು ಗುರುತ್ವ ಕೇಂದ್ರಕ್ಕಿಂತ ಎಷ್ಟು ಮೇಲೆ ಬೀಳುತ್ತದೋ ಅಷ್ಟು ಸುಲಭವಾಗಿ ಬೈಕು ವಾಲುತ್ತದೆ. ಮೇಲಾಗಿ ಆ ಪೆಟ್ಟಿಗೆ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಚಾಚಿಕೊಂಡಿದ್ದರಿಂದ ಮುಂದಿನ ಚಕ್ರದ ಮೇಲಿನ ಭಾರವೂ ತುಸು ಕಡಿಮೆಯಾಗಿತ್ತು. ಈಗ ಆಷಾಢದಲ್ಲಿ ಟಾಪ್ ಬಾಕ್ಸನ್ನು ಮನೆಯಲ್ಲೇ ಬಿಡುತ್ತೇನೆ, ಭಾರದ ವಸ್ತುಗಳನ್ನೆಲ್ಲ ಪಕ್ಕದ ಚೀಲಗಳ ತಳಕ್ಕೆ ಇಳಿಸುತ್ತೇನೆ.

ಮುಂಭಾಗದ ಕಥೆ ಇನ್ನೂ ಸೂಕ್ಷ್ಮವಾದದ್ದು. 1950ರ ದಶಕದ ರೇಸ್ ಬೈಕುಗಳಿಗೆ ಮುಂದಿನ ಚಕ್ರವನ್ನೂ ಪೂರ್ತಿ ಮುಚ್ಚುವ ಲೋಹದ ಚಿಪ್ಪನ್ನು ತೊಡಿಸುತ್ತಿದ್ದರು. ಇಟಲಿಯ ಮೋಟೊ ಗುಝಿಯವರು ಇದಕ್ಕಾಗಿ ಮಂಡೆಲ್ಲೊ ಊರಿನಲ್ಲಿ ಗಾಳಿ ಹಾಯಿಸಿ ಬೈಕಿನ ಆಕಾರವನ್ನು ಪರೀಕ್ಷಿಸುವ ತಮ್ಮದೇ ಗಾಳಿ ಸುರಂಗವನ್ನು ಕಟ್ಟಿಸಿದ್ದರು. ನೇರ ಓಟದಲ್ಲಿ ಆ ಚಿಪ್ಪು ಅದ್ಭುತ, ಅಡ್ಡಗಾಳಿಯಲ್ಲಿ ಅಪಾಯ. ಕಸದ ಡಬ್ಬಿ ಎಂಬ ಅಡ್ಡಹೆಸರು ಹೊತ್ತ ಆ ಚಿಪ್ಪನ್ನು 1958ರಿಂದ ಅಂತರರಾಷ್ಟ್ರೀಯ ರೇಸುಗಳಲ್ಲಿ ನಿಷೇಧಿಸಲಾಯಿತು. ಟೂರಿಂಗ್ ಬೈಕುಗಳಿಗೆ ಫೇರಿಂಗ್, ಅಂದರೆ ಎದುರುಗಾಳಿಯನ್ನು ತಡೆಯುವ ಮುಂಭಾಗದ ಕವಚ, ಬಂದಾಗ ಎದ್ದ ಪ್ರಶ್ನೆ, ಅದನ್ನು ಹ್ಯಾಂಡಲಿಗೆ ಕಟ್ಟಬೇಕೋ ಚೌಕಟ್ಟಿಗೆ ಕಟ್ಟಬೇಕೋ ಎಂಬುದು. ಹಾರ್ಲೆ-ಡೇವಿಡ್‌ಸನ್ನಿನ ಎಲೆಕ್ಟ್ರಾ ಗ್ಲೈಡ್‌ನಲ್ಲಿ ಅದು ಹ್ಯಾಂಡಲಿನೊಂದಿಗೆ ತಿರುಗುತ್ತದೆ, ಅದೇ ಸಂಸ್ಥೆಯ ರೋಡ್ ಗ್ಲೈಡ್‌ನಲ್ಲಿ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. 1976ರಲ್ಲಿ ಗಾಳಿ ಸುರಂಗದಲ್ಲಿ ರೂಪಿಸಿದ ಪೂರ್ಣ ಫೇರಿಂಗಿನೊಂದಿಗೆ ಬಂದ ಬಿಎಂಡಬ್ಲ್ಯೂ ಆರ್ 100 ಆರ್‌ಎಸ್ ಎರಡನೆಯ ದಾರಿಯನ್ನು ಹಿಡಿದಿತ್ತು. ಹ್ಯಾಂಡಲಿಗೆ ಕಟ್ಟಿದ ದೊಡ್ಡ ಗಾಜು ಬೀಸು ಬಂದಾಗಲೆಲ್ಲ ಸವಾರನ ಕೈಯಿಂದ ಚುಕ್ಕಾಣಿಯನ್ನು ಕಸಿಯಲು ನೋಡುತ್ತದೆ. ಚೌಕಟ್ಟಿಗೆ ಕಟ್ಟಿದ್ದು ಬೈಕನ್ನಷ್ಟೇ ತಳ್ಳುತ್ತದೆ, ಕೈಗೆ ಸುದ್ದಿ ತಡವಾಗಿ ಬರುತ್ತದೆ. ಸಣ್ಣ ಬೈಕುಗಳ ಹ್ಯಾಂಡಲಿಗೆ ಪೇಟೆಯಲ್ಲಿ ಸಿಗುವ ಎತ್ತರದ ಗಾಜನ್ನು ಕ್ಲಿಪ್ಪಿನಿಂದ ಬಿಗಿಸಿಕೊಳ್ಳುವವರನ್ನು ಕಂಡಾಗಲೆಲ್ಲ, ಎದೆಗೆ ತಾಗುವ ಎದುರುಗಾಳಿಯನ್ನು ತಪ್ಪಿಸಿಕೊಳ್ಳಲು ಹೋಗಿ ಇವರು ಅಡ್ಡಗಾಳಿಯ ಸಾಲ ಮಾಡಿಕೊಂಡರಲ್ಲ ಎನಿಸುತ್ತದೆ. ಮುಂದಕ್ಕೆ ಚುಂಚಿನಂತೆ ಚಾಚಿದ ಹೆಲ್ಮೆಟ್ಟಿನದೂ ಇದೇ ಕಥೆ. ಅದು ತಿರುಚುವುದು ಬೈಕನ್ನಲ್ಲ, ಕತ್ತನ್ನು.

ಹಿಂತಿರುಗುವ ದಾರಿಯ ಪಾಠ ಎರಡನೆಯ ಆಷಾಢದ್ದು. ಚಿತ್ರದುರ್ಗದಿಂದ ಬರುವಾಗ ಗಾಳಿ ಬಲ ಹಿಂಭಾಗದಿಂದ ಬರುತ್ತದೆ, ಬೈಕು ಹಗುರವಾಗಿ ಓಡುತ್ತದೆ, ಸದ್ದೂ ಕಡಿಮೆ; ಗಾಳಿಯೇ ಇಲ್ಲವೇನೋ ಎಂಬ ಭ್ರಮೆ ಹುಟ್ಟುತ್ತದೆ. ಹೋಗುವಾಗ ಲಾರಿಯನ್ನು ಬಲದಿಂದ ದಾಟುವವನು ಅದರ ಮರೆಯಲ್ಲಿರುತ್ತಾನೆ, ಆಮೇಲೆ ಬೀಳುವ ಏಟು ಅವನನ್ನು ಲಾರಿಯಿಂದ ದೂರ ತಳ್ಳುತ್ತದೆ. ಬರುವಾಗ ದಾಟುವವನು ಗಾಳಿಯ ಬದಿಯಲ್ಲೇ ಇರುತ್ತಾನೆ. ಮರೆಯೇ ಇಲ್ಲ, ಪ್ರತಿ ಬೀಸೂ ಅವನನ್ನು ಲಾರಿಯ ಕಡೆಗೇ ಒಯ್ಯುತ್ತದೆ. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಹೆದರಿಸುವುದಿಲ್ಲ, ಅದಕ್ಕೇ ಅದು ಕೆಟ್ಟದ್ದು. ಬರುವಾಗ ನಾನು ಬಲಬದಿಯ ಲೇನಿನಲ್ಲೂ ಆದಷ್ಟು ಬಲಕ್ಕೆ ಸರಿದು, ಲಾರಿಗೂ ನನಗೂ ನಡುವೆ ಒಂದು ಬೈಕು ಮಲಗುವಷ್ಟು ಜಾಗ ಬಿಟ್ಟು ದಾಟುತ್ತೇನೆ. ಅಷ್ಟು ಜಾಗವಿಲ್ಲದಿದ್ದರೆ ದಾಟುವುದಿಲ್ಲ.

ಬೇರೆ ಕಡೆಯ ಗಾಳಿಗಳೂ ಇವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಒಂದು ಕಿಲೋಮೀಟರಿಗೂ ಉದ್ದದ ಸೇತುವೆಯಲ್ಲಿ ಸಮುದ್ರದ ಗಾಳಿಗೆ ಅಡ್ಡವಾಗಿ ಒಂದು ತೆಂಗಿನ ಮರವೂ ಇಲ್ಲ. ತಮಿಳುನಾಡಿನ ತುದಿಯಲ್ಲಿ, ಘಟ್ಟದ ಸಾಲು ಮುಗಿಯುವ ಆರಲ್ವಾಯ್‌ಮೊಳಿ ಕಣಿವೆಯ ಬಾಯಲ್ಲಿ ಮುಪ್ಪಂದಲ್ ಇದೆ. ಅಲ್ಲಿನ ಗಾಳಿಯಂತ್ರಗಳ ಕಾಡಿನ ನಡುವೆ ಕನ್ಯಾಕುಮಾರಿಗೆ ಹೋಗುವ ನಮ್ಮವರೆಲ್ಲ ಒಮ್ಮೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ಅಲ್ಲಿಗೆ ಹೋದದ್ದು ಜುಲೈನಲ್ಲಿ, ಫೋಟೋ ತೆಗೆಯಲು ಕೈ ಬಿಡುವ ಧೈರ್ಯವಾಗಲಿಲ್ಲ. ಆದರೂ ಹೇಳಬೇಕು, ಅದು ಐಮಂಗಲಕ್ಕಿಂತ ಸಲೀಸೆನಿಸಿತು: ಗಾಳಿ ಜೋರು, ಆದರೆ ಒಂದೇ ಸಮ. ಗುಡ್ಡ ಕಡಿದು ಮಾಡಿದ ದಾರಿ, ಫ್ಲೈಓವರಿನ ತಡೆಗೋಡೆ, ಸಾಲು ಮನೆಗಳ ನಡುವಿನ ಸಂದಿ, ಇಂಥ ಕಡೆ ನಿಂತು ನಿಂತು ಬರುವ ಗಾಳಿಯೇ ದಣಿಸುವುದು.

ಗಾಳಿಯನ್ನು ಮುಂಚಿತವಾಗಿ ಓದಲು ಚಿತ್ರದುರ್ಗದ ದಾರಿಯಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಗಾಳಿಯಂತ್ರ ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖ ತಿರುಗಿಸಿಕೊಂಡಿರುತ್ತದೆ. ನೇರ ಎಡಕ್ಕೆ ಕಾಣುವ ಯಂತ್ರದ ರೆಕ್ಕೆಗಳು ಪೂರ್ತಿ ಚಕ್ರವಾಗಿ ಕಂಡರೆ ಗಾಳಿ ದಾರಿಗೆ ಅಡ್ಡವಾಗಿದೆ. ಅವು ಒಂದು ಗೆರೆಯ ಹಾಗೆ ಕಂಡರೆ ಗಾಳಿ ದಾರಿಯುದ್ದಕ್ಕೂ ಇದೆ. ನೆಲದ ಮಟ್ಟದ ಸುದ್ದಿಗೆ ಮರಗಳನ್ನು ನೋಡಬೇಕು. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ ರೂಪಿಸಿದ ಗಾಳಿಯ ಅಳತೆಯಲ್ಲಿ ದೊಡ್ಡ ಕೊಂಬೆಗಳು ಅಲ್ಲಾಡಿ ಕೊಡೆ ಹಿಡಿಯುವುದು ಕಷ್ಟವಾದರೆ 6ನೇ ಮಟ್ಟ, ಅಂದರೆ ಗಂಟೆಗೆ 39ರಿಂದ 49 ಕಿ.ಮೀ.; ಇಡೀ ಮರವೇ ತೂಗಿದರೆ 7ನೆಯದು, 50ರಿಂದ 61. ಇಡೀ ಜಾಲಿ ಮರ ತೂಗುವುದನ್ನು ಕಂಡ ದಿನ ನಾನು ಮುಂದೆ ಹೋಗುವುದಿಲ್ಲ ಎಂದು ಗೆರೆ ಎಳೆದುಕೊಂಡಿದ್ದೇನೆ. ಎರಡು ಸಲ ಆ ಗೆರೆಯನ್ನು ದಾಟಿದ್ದೇನೆ, ಎರಡೂ ಸಲ ಕಾರಣ ಮದುವೆ ಊಟ.

ಮೂರನೆಯ ಆಷಾಢದಲ್ಲಿ ಹೊಳೆದದ್ದು ಹೊತ್ತಿನ ವಿಷಯ. ಬಿಸಿಲೇರಿ ನೆಲ ಕಾದಾಗ ಕೆಳಗಿನ ಗಾಳಿಯೂ ಮೇಲಿನ ವೇಗದ ಗಾಳಿಯೂ ಕಲಸಿಕೊಂಡು ಬೀಸುಗಳು ನೆಲಕ್ಕಿಳಿಯುತ್ತವೆ, ಮಧ್ಯಾಹ್ನ ಅವು ಉಚ್ಛ್ರಾಯಕ್ಕೆ ಬರುತ್ತವೆ. ರಾತ್ರಿ ನೆಲ ತಣಿದಾಗ ನೆಲಕ್ಕಂಟಿದ ತಂಪು ಪದರ ಮೇಲಿನ ಗಾಳಿಯಿಂದ ಕಳಚಿಕೊಂಡು ನಿಶ್ಚಲವಾಗುತ್ತದೆ. ಕಳೆದ ಬಾರಿ ಚಿತ್ರದುರ್ಗದಲ್ಲೇ ಉಳಿದು ಬೆಳಗಿನ ಆರಕ್ಕೆ ಹೊರಟೆ. ಗುಡ್ಡದ ಮೇಲೆ ರೆಕ್ಕೆಗಳು ಮಧ್ಯಾಹ್ನದಷ್ಟೇ ಜೋರಾಗಿ ತಿರುಗುತ್ತಿದ್ದವು, ಕೆಳಗೆ ಐಮಂಗಲದ ಚಹಾದಂಗಡಿಯ ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಬೈಕನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಿದರೂ ನಡೆಯುತ್ತಿತ್ತು, ಆದರೂ ಅಭ್ಯಾಸಬಲದಿಂದ ಒಮ್ಮೆ ಗುಡ್ಡದ ಕಡೆ ನೋಡಿಯೇ ನಿಲ್ಲಿಸಿದೆ. ಚಹಾ ಮುಗಿಸಿ ಹಿರಿಯೂರಿನ ಹತ್ತಿರ ಬರುವಾಗ ಎಂಟು ಗಂಟೆಯಾಗಿತ್ತು. ರಸ್ತೆ ಬದಿಯ ಜಾಲಿಗಳ ತುದಿ ಆಗಲೇ ಸಣ್ಣಗೆ ಅಲುಗಾಡತೊಡಗಿತ್ತು, ಅಂಗೈಯೊಳಗೆ ಹ್ಯಾಂಡಲೂ.